ಒಂದು ಕುರಿ, ಎರಡು ರೊಪ್ಪ

ನಮ್ಮ ದೊಡ್ಡಪ್ಪನಿಗೆ ಫೋನು ಬಳಸಲು ಬರುವುದಿಲ್ಲ ಎಂಬುದು ಬಿ.ದುರ್ಗದಿಂದ ಹೊಳಲ್ಕೆರೆಯವರೆಗೆ ಎಲ್ಲರೂ ಒಪ್ಪಿರುವ ಸತ್ಯ. "ಕುರಿ ಕಾಯೋ ಮನುಷ್ಯ, ಪಾಪ, ಏನ್ ಗೊತ್ತಾಗ್ತತೆ?" ಎಂದು ನೆಂಟರೆಲ್ಲ ಆ ದಿನದ ಕಥೆಯನ್ನು ಹೇಳಿ ನಗುತ್ತಾರೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡು ಬೆಳೆದ ನಾನು ಇದನ್ನು ಖಂಡಿಸುತ್ತೇನೆ. ಅವತ್ತು ಲ್ಯಾಪ್‌ಟಾಪಿನ ಮುಂದೆ ಕೂತು ಸೋತವಳು ನಾನು, ನೆಂಟರಲ್ಲ! ದೊಡ್ಡಪ್ಪನಿಗೆ ಫೋನು ಬರುತ್ತದೆ. ಬೇಕಾದ್ದಕ್ಕಿಂತ ತುಸು ಜಾಸ್ತಿಯೇ ಬರುತ್ತದೆ.

ಆದದ್ದಿಷ್ಟು. ಕುರಿಗಳು ನೀರು ಕುಡಿಯುವ ತೊಟ್ಟಿಗೆ ಅವನ ಫೋನು ಬಿತ್ತು. ಲೋಕವೆಲ್ಲ ನೆಂದ ಫೋನನ್ನು ಅಕ್ಕಿಯಲ್ಲಿ ಹೂಳಿದರೆ ದೊಡ್ಡಪ್ಪ ರಾಗಿಯಲ್ಲಿ ಹೂತ. "ಅಕ್ಕಿಗೇನು ಶಕ್ತಿ ಐತೆ?" ಫೋನು ಬದುಕಿತು, ಆದರೆ ಪರದೆಯ ಎಡ ಅಂಚಿನಲ್ಲಿ ಒಂದು ಹಸಿರು ಗೆರೆ ಮೂಡಿ ದಿನದಿನಕ್ಕೆ ಅಗಲವಾಗತೊಡಗಿತು. ಹೊಳಲ್ಕೆರೆಯ ರಿಪೇರಿ ಸಾಹೇಬರು ನಾಡಿ ನೋಡಿದಂತೆ ನೋಡಿ, "ಇದರದ್ದು ಇನ್ನು ನಾಕೈದು ದಿನ ಯಜಮಾನ್ರೇ. ಒಳಗಿನ ಫೋಟೋ ಎಲ್ಲ ಕಂಪ್ಯೂಟರಿಗೆ ಹಾಕ್ಕಂಬಿಡ್ರಿ" ಅಂದರು. ದೊಡ್ಡಪ್ಪ ಸೀದಾ ನನ್ನ ಹತ್ತಿರ ಬಂದ.

ಅಂಥದ್ದೇನಿತ್ತು ಅದರಲ್ಲಿ? ಕುರಿ! ಬರೀ ಕುರಿ! ಮಾರಿದವು, ಸತ್ತವು, ಇರುವವು, ಎಲ್ಲದರದ್ದೂ ಒಂದೊಂದು ಮುಖ. ಜಾಗ ಸಾಲದೆಂದು ನನ್ನ ಬಹುಮಾನದ ಫೋಟೋ ಅಳಿಸಿ ಒಂದು ಟಗರಿಗೆ ಎಡೆ ಮಾಡಿದ್ದ. ಎರಡು ವರ್ಷದ ಹಿಂದೆ ತೀರಿಕೊಂಡ ದೊಡ್ಡಮ್ಮನದೂ ಒಂದು ಫೋಟೋ ಇರಲಿಲ್ಲ. ಆದರೆ ಆ ತಪ್ಪು ಅವನದಲ್ಲ. "ನನ್ ಮಕ ಅದರಾಗೆ ಬಿತ್ತೋ, ಫೋನು ಬಾವ್ಯಾಗೆ ಬಿತ್ತು ಅಂತಾನೇ ತಿಳ್ಕ" ಎಂದು ಆಕೆ ಬದುಕಿದ್ದಷ್ಟು ದಿನವೂ ಎಚ್ಚರಿಸಿದ್ದಳು.

ನಾನು ಕೇಬಲ್ ಚುಚ್ಚಿದೆ. ಚಾರ್ಜ್ ಆಯಿತು, ಫೋಟೋ ಕಾಣಲಿಲ್ಲ. ಕೇಬಲ್ ಬದಲಿಸಿದೆ. ದೊಡ್ಡಪ್ಪ ಅದನ್ನು ಕುರಿ ಕಟ್ಟುವ ಹಗ್ಗದಂತೆ ಎರಡೂ ಕೈಯಲ್ಲಿ ಜಗ್ಗಿ ನೋಡಿ, "ಗಟ್ಟಿ ಐತೆ" ಎಂದು ಪ್ರಮಾಣಪತ್ರ ಕೊಟ್ಟ. ಆಗಲೂ ಇಲ್ಲ! ಲ್ಯಾಪ್‌ಟಾಪ್ ಆರಿಸಿ ಹಚ್ಚಿದೆ. ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಬೆಳಗಿನ ರೊಟ್ಟಿ ಹೋಗಿ ಮಧ್ಯಾಹ್ನದ ಮುದ್ದೆ ಬಂತು. ಕೊನೆಗೆ ಅವನ ಕೈಯಲ್ಲಿದ್ದ ಫೋನನ್ನೇ ಇಣುಕಿ ನೋಡಿದರೆ, ಏನು ನೋಡುವುದು! 'ಈ ಕಂಪ್ಯೂಟರಿಗೆ ನಿಮ್ಮ ಫೋಟೋ ನೋಡಲು ಅನುಮತಿ ಕೊಡುವಿರಾ?' ಎಂದು ಫೋನು ಅಚ್ಚಗನ್ನಡದಲ್ಲಿ ಕೇಳುತ್ತಿದೆ, ದೊಡ್ಡಪ್ಪ ಪ್ರತಿ ಸಲವೂ 'ಬೇಡ' ಒತ್ತುತ್ತಿದ್ದಾನೆ!

"ದೊಡ್ಡಪ್ಪಾ! ಬೆಳಗ್ಗೆಯಿಂದ ನೀನೇ ಬೇಡ ಅಂತಿದೀಯಾ?"

"ಹೂಂ. ಕೇಳ್ತು. ಹೇಳ್ದೆ."

"ಯಾಕೆ?"

"ಏನವ್ವ, ನೀನೇ ಹೇಳು. ಆ ಕಡೆ ಹೋದ್ರೆ ಈ ಕಡೆ ಖಾಲಿ ಆಗಲ್ವಾ?"

"ಆಗಲ್ಲ. ಅಲ್ಲೂ ಇರ್ತವೆ, ಇಲ್ಲೂ ಇರ್ತವೆ."

ದೊಡ್ಡಪ್ಪ ನನ್ನನ್ನು ಕರುಣೆಯಿಂದ ನೋಡಿದ. "ಲೇ ಹುಡುಗಿ, ಒಂದು ಕುರಿ ಎರಡು ರೊಪ್ಪದಾಗೆ ಹೆಂಗಿರ್ತತೆ?"

ತೀರ್ಪುಗಾರರೇ, ಇದಕ್ಕೆ ಉತ್ತರವಿದೆಯೇ? ಹುಟ್ಟಿದಾಗಿನಿಂದ ಕುರಿಯನ್ನು ಒಂದು ರೊಪ್ಪದ ಬೇಲಿ ದಾಟಿಸಿ ಇನ್ನೊಂದಕ್ಕೆ ಹೊಡೆದವನಿಗೆ ನಕಲು ಎಂಬುದನ್ನು ಯಾವ ಬಾಯಲ್ಲಿ ವಿವರಿಸಲಿ? ನಾನು ಮೂರು ಅಂಶಗಳಲ್ಲಿ ವಾದ ಮಂಡಿಸಿದೆ. ಅವನು ಎಲೆಯಡಿಕೆ ಹಾಕಿಕೊಂಡ.

ಕೊನೆಗೆ ಒಪ್ಪಂದವಾಯಿತು: ಮೊದಲು ಒಂದೇ ಕುರಿ. ಎಲ್ಲವನ್ನೂ ಬಿಟ್ಟು ಒಂದು ಕಿವಿಮುರುಕ ಕುರಿಯನ್ನು ಆರಿಸಿಕೊಟ್ಟ. ಅದು ಲ್ಯಾಪ್‌ಟಾಪಿಗೆ ಬಂತು, ಫೋನಿನಲ್ಲೂ ಉಳಿಯಿತು. ಅವನು ಫೋನನ್ನು ಲ್ಯಾಪ್‌ಟಾಪಿನ ಪಕ್ಕ ಹಿಡಿದು, ಲ್ಯಾಪ್‌ಟಾಪಿನ ಚಿತ್ರದ ಎಡ ಅಂಚಿಗೆ ಬೆರಳಿಟ್ಟು ಬಹಳ ಹೊತ್ತು ನೋಡಿದ. ಕಿವಿ ಸರಿಯಾಗಿ ಬಂದಿದೆಯೋ ಎಂದು ನೋಡುತ್ತಿದ್ದಾನೆ ಅಂದುಕೊಂಡೆ.

"ಐತೆ," ಅಂದ. "ಉಳಿದವೂ ಹೊಡಿ."

ಹೊಡೆದೆ. ಎಷ್ಟು ಫೋಟೋ ಹೋದವೆಂದು ಪರದೆಯ ಮೇಲೆ ಸಂಖ್ಯೆ ಏರತೊಡಗಿದ್ದೇ ತಡ, ದೊಡ್ಡಪ್ಪ ತನ್ನ ಕಂಬಳಿ ಎತ್ತಿ ಲ್ಯಾಪ್‌ಟಾಪಿನ ಮೇಲೆ ಹಾಕಿಬಿಟ್ಟ! "ಕುರಿ ಎಣಿಸಬಾರ್ದು ಕಣವ್ವ, ದೃಷ್ಟಿ ಆಗ್ತತೆ." ಕಂಬಳಿ ಹೊದ್ದು ಬೆವರುತ್ತಾ ಕೆಲಸ ಮುಗಿಸಿದ ಲ್ಯಾಪ್‌ಟಾಪ್ ಜಗತ್ತಿನಲ್ಲಿ ನನ್ನದೊಂದೇ ಇರಬೇಕು.

ಕಂಬಳಿ ತೆಗೆದು, ಎಲ್ಲ ಬಂದಿವೆಯೇ ಎಂದು ಒಂದೊಂದೇ ಫೋಟೋ ದೊಡ್ಡದು ಮಾಡಿದೆ. ಇಲ್ಲಿ ಹಸಿರು ಗೆರೆಯಿಲ್ಲ. ಗೆರೆ ಮುಚ್ಚಿದ್ದ ಎಡ ಅಂಚಿನಲ್ಲಿ ಒಂದು ಕೈ. ಕುರಿ ಅಲುಗದಂತೆ ಗದ್ದ ಹಿಡಿದ ಕೈ. ಸವೆದ ಗಾಜಿನ ಬಳೆ, ಮಣಿಕಟ್ಟಿನ ಮೇಲೆ ಹಚ್ಚೆ. ಮುಂದಿನದರಲ್ಲೂ ಅದೇ ಕೈ. ಅದರ ಮುಂದಿನದರಲ್ಲೂ. ಒಂದರಲ್ಲಿ ಮೊಣಕೈವರೆಗೆ, ಇನ್ನೊಂದರಲ್ಲಿ ಸೆರಗಿನ ತುದಿಯವರೆಗೆ. ಅದಕ್ಕಿಂತ ಮೇಲೆ ಯಾವುದರಲ್ಲೂ ಇಲ್ಲ. ಕೊನೆಯ ಎರಡು ವರ್ಷದ ಫೋಟೋಗಳಲ್ಲಿ ಕೈಯಿಲ್ಲ. ಕುರಿಗಳೆಲ್ಲ ಅಲುಗಾಡಿ ಮಸುಕಾಗಿವೆ.

ದೊಡ್ಡಪ್ಪ ಕಂಬಳಿ ಮಡಚುತ್ತಿದ್ದ. ಮಡಚಿದ್ದನ್ನು ಬಿಡಿಸಿ ಮತ್ತೆ ಮಡಚುತ್ತಿದ್ದ. ನಾನು, ವಾದದಲ್ಲಿ ಎಂದೂ ತಡವರಿಸದವಳು, ತಡವರಿಸುತ್ತಾ ಕೇಳಿದೆ:

"ದೊಡ್ಡಪ್ಪ, ಇಷ್ಟೊಂದು ಸಲ ತೆಗ್ದಿದೀಯ. ಒಂದ್ಸಲ, ಒಂದೇ ಒಂದ್ಸಲ, ಫೋನು ಒಂಚೂರು ಮ್ಯಾಕೆ ಎತ್ತಬಾರ್ದಿತ್ತಾ?"