ಕುರೆಹಾಳ ಕಣ್ಣೀರಿನ ಮೆರವಣಿಗೆ

"ಟಿವಿಯಲ್ಲಿ ಕಾಣೋ ಹಾಗೇ ತಲೆ ಬಾಚ್ಕೊಂಡು ಬನ್ನಿ ಮೇಡಂ. ಇಲ್ದಿದ್ರೆ ನಿಮ್ಮನ್ನ ಯಾರು ಗುರುತು ಹಿಡೀತಾರೆ?" ಎಂದು ಪೊಲೀಸ್ ಠಾಣೆಯ ಅಧಿಕಾರಿ ಮುನಾಕಾತಾ ಫೋನಿನಲ್ಲಿ ಕುರೆಹಾಗೆ ಹೇಳಿದ್ದೇ ಎಲ್ಲ ಅವಾಂತರಕ್ಕೂ ಮೂಲ.

ಸಂಚಾರ ಸುರಕ್ಷತಾ ವಾರದಲ್ಲಿ ಹೆಸರುವಾಸಿಯಾದ ಒಬ್ಬರನ್ನು ಒಂದು ದಿನದ ಪೊಲೀಸ್ ಮುಖ್ಯಸ್ಥರನ್ನಾಗಿ ಮಾಡಿ ತೆರೆದ ಕಾರಿನಲ್ಲಿ ಮೆರೆಸುವುದು ಆ ಊರಿನ ವಾಡಿಕೆ. ಈ ಸಲ ಬರಬೇಕಿದ್ದ ಗಾಯಕಿ ಕೈಕೊಟ್ಟಳು. ಅವಕಾಶ ಕುರೆಹಾಳ ಪಾಲಿಗೆ ಬಂತು. ಸಂಗೀತಕ್ಕೆ ತಕ್ಕಂತೆ ಎಂಟು ಜನ ಒಂದೇ ಸಮನೆ ಈಜುವ ಜಪಾನ್ ತಂಡದಲ್ಲಿ ಅವಳೊಬ್ಬಳು. ವರ್ಷಗಟ್ಟಲೆ ಈಜಿದರೂ ಎಂಟರಲ್ಲಿ ಇವಳು ಯಾರೆಂದು ಸ್ವಂತ ಚಿಕ್ಕಮ್ಮನಿಗೇ ಗೊತ್ತಾಗುತ್ತಿರಲಿಲ್ಲ. ನಾಲ್ಕು ಜನ ಹೆಸರು ಹಿಡಿದು ಕೂಗಿದರೆ ಏಷ್ಯನ್ ಕ್ರೀಡಾಕೂಟದ ತಂಡದಲ್ಲಿ ತನ್ನ ಜಾಗ ಗಟ್ಟಿಯಾಗಬಹುದೆಂಬ ಆಸೆ ಪಾಪ ಅವಳದು.

ಹಾಗಾಗಿ ಪಂದ್ಯಕ್ಕೆ ಹೊರಟವಳಂತೆ ಕೂದಲು ಕದಲದಂತೆ ಹಿಡಿದಿಡುವ ಜೆಲಟಿನ್ ಅಂಟು ಕರಗಿಸಿ ತಲೆಗೆ ಬಳಿದುಕೊಂಡಳು. ಕೊಳದ ನೀರಿನಲ್ಲಿ ಅದು ಕಲ್ಲಿನಂತೆ ಕೂರುತ್ತದೆ. ಸುಡುಬಿಸಿಲಿನಲ್ಲಿ, ಪೊಲೀಸ್ ಟೋಪಿಯ ಕೆಳಗೆ ಕೂರುವುದಿಲ್ಲ. ಕಾರು ಅಂಗಡಿ ಬೀದಿಗೆ ಬರುವಷ್ಟರಲ್ಲಿ ಜೆಲಟಿನ್ ಕರಗಿ ಕಣ್ಣಿಗಿಳಿಯಿತು. ಪ್ರಾಣ ಹೋಗುವಂಥ ಉರಿ. ಆದರೆ ಏನೇ ಆಗಲಿ, ಕಣ್ಣೊರೆಸದೆ ಹಲ್ಲು ತೋರಿಸುತ್ತಿರಬೇಕೆಂದು ಕಲಿತ ಜೀವ ಅದು. ನಗುತ್ತಲೇ ಇದ್ದಳು.

"ಅಯ್ಯೋ, ಅಳ್ತಿದಾಳೆ ಕಣ್ರೀ!" ತೋಫು ಅಂಗಡಿಯ ತೊಮೆ ಅಜ್ಜಿ ಕಿರುಚಿದಳು. "ನಗ್ತಾ ನಗ್ತಾನೇ ಅಳ್ತಿದಾಳೆ!"

"ಅಂದ್ರೆ ನಿವೃತ್ತಿ!" ಎಂದ ಮೀನಂಗಡಿಯವನು. "ಆಟಗಾರರು ನಾಲ್ಕು ಜನರ ಮುಂದೆ ಅಳೋದು ಇನ್ಯಾವಾಗ?"

ಕುರೆಹಾ ಮುಖ ಮುಚ್ಚಿಕೊಳ್ಳಲು ಸೊಂಟ ಬಗ್ಗಿಸಿ ನಮಸ್ಕರಿಸಿದಳು. ಅಲ್ಲಿಗೆ ಜನರಿಗೆ ಅನುಮಾನವೇ ಉಳಿಯಲಿಲ್ಲ.

"ಇಷ್ಟು ವರ್ಷ ಎಷ್ಟು ದಣಿದ್ಯೋ ತಾಯಿ!" ಅಜ್ಜಿ ಬಿಕ್ಕಿದಳು. "ಕುರೆಹಾ! ಕುರೆಹಾ!" ಎಂದು ಬೀದಿಗೆ ಬೀದಿಯೇ ಕೂಗಿತು. ಮುನಾಕಾತಾ ಎಲ್ಲಿಂದಲೋ ಹೂಗುಚ್ಛ ತಂದು ಅವಳ ಕೈಗೆ ತುರುಕಿದ. ಟಿವಿಯವರು ಮೈಕು ಹಿಡಿದರು. ಗೋಳಾಡುತ್ತಿರುವ ಅಜ್ಜಿಯ ಮುಂದೆ, 'ಇದು ಜೆಲಟಿನ್, ಅಜ್ಜಿ' ಎಂದು ಹೇಳುವುದಾದರೂ ಹೇಗೆ? "ಎಲ್ಲರಿಗೂ ಧನ್ಯವಾದ" ಎಂದಷ್ಟೇ ಹೇಳಿ ಮತ್ತೆ ಬಗ್ಗಿದಳು.

ಸಂಜೆ ಏದುಸಿರು ಬಿಡುತ್ತ ಕೋಚ್ ಓಗುಶಿಯ ಕೋಣೆಗೆ ನುಗ್ಗಿದಳು. "ಮೇಡಂ, ನಾನು ಅತ್ತಿಲ್ಲ! ಅದು ಬರೀ ಜೆಲಟಿನ್!"

"ಗೊತ್ತು ಕಣೇ. ಟಿವಿ ನೋಡಿದ ಕೂಡ್ಲೇ ಗೊತ್ತಾಯ್ತು. ನೀನು ಅಳೋ ಪೈಕಿನಾ?"

ಕುರೆಹಾಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ತಂಡದಲ್ಲಿ ನನ್ನ ಜಾಗ..."

"ಮಧ್ಯಾಹ್ನದಿಂದ ಈಜು ಸಂಘದ ಫೋನ್ ನಿಂತಿಲ್ಲ. ಭಾನುವಾರ ನಿನ್ನ ವಿದಾಯದ ಪ್ರದರ್ಶನ ಅಂತ ಸಂಘದವರು ಹೇಳಿದ್ದೇ ತಡ, ಟಿಕೆಟ್ ಎಲ್ಲಾ ಖಾಲಿ. ನಮ್ಮ ಈಜು ನೋಡೋಕೆ ಗ್ಯಾಲರಿ ತುಂಬ್ತಿರೋದು ಇದೇ ಮೊದಲು."

"ಆದ್ರೆ ಮೇಡಂ, ನಾನು ನಿವೃತ್ತಿ ಆಗ್ತಾನೇ ಇಲ್ವಲ್ಲ!"

"ಆಗ್ದಿದ್ರೆ ಯಾರು ಬರ್ತಾರೆ?"

ಕುರೆಹಾಳ ಕಣ್ಣು ತುಂಬಿತು, ಈ ಸಲ ನಿಜವಾಗಿಯೇ.

ಕೋಚ್ ಗಾಬರಿಯಿಂದ ಎದ್ದಳು. "ತಡಿ ತಡಿ, ಈಗ್ಲೇ ಕಣ್ಣೀರು ಖರ್ಚು ಮಾಡ್ಬೇಡ ಕಣೇ! ಭಾನುವಾರಕ್ಕೆ ಇಟ್ಕೋ!"