ನಡುಬೆರಳಿನ ಶಾಯಿ

ಟಿಣ್ ಎಂದು ಸದ್ದು. ಕಿಟಕಿಯ ಸರಳಿಗೆ ಉಂಗುರ ತಾಗಿದ ಸದ್ದು. ಓಣಿಗೆ ಓಣಿಯೇ ಮಲಗಿ ಎಷ್ಟೋ ಹೊತ್ತಾಗಿತ್ತು. ದರ್ಜಿ ಕರಬಸಪ್ಪ ಮಾತ್ರ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಬಿದ್ದಿದ್ದ. ಉಂಗುರ ಯಾರದೆಂದು ಅವನಿಗೆ ನೋಡದೆಯೇ ಗೊತ್ತಾಯಿತು. ಸರಳು ಅಷ್ಟು ಗಟ್ಟಿಯಾಗಿ ಕೂಗಬೇಕಾದರೆ ಅದು ಮೈಲಾರಪ್ಪ ಸಾವಕಾರರ ಹವಳದ ಉಂಗುರವೇ ಆಗಬೇಕು. ಕರಬಸಪ್ಪನ ಹೊಲಿಗೆ ಅಂಗಡಿ ಇದ್ದದ್ದು ಅವರ ಮಳಿಗೆಯಲ್ಲಿ.

"ಏಳಪಾ ಕರಬಸಪ್ಪ. ನಾಳೆ ಓಟು ಐತಿ, ನೆನಪೈತಿಲ್ಲ?"

"ಐತ್ರಿ ಸಾವಕಾರ್ರ."

"ಹಂಗಾರ ಕೈ ಚಾಚು."

ಕಿಟಕಿಯಿಂದ ಚಾಚಿದ ಅಂಗೈಗೆ ಒಂದು ಚಿಟಿಕೆ ಭಂಡಾರ ಬಿತ್ತು. ದೇವರ ಅರಿಶಿನಪುಡಿ. ಅದನ್ನು ಮುಟ್ಟಿ ಆಡಿದ ಮಾತು ತಪ್ಪಿದರೆ ದೇವರು ಬಿಡುವುದಿಲ್ಲ ಎಂಬುದು ಊರಿನ ನಂಬಿಕೆ. ದೇವರು ಬಿಟ್ಟರೂ ಸಾವಕಾರರು ಬಿಡುವುದಿಲ್ಲ ಎಂಬುದು ಕರಬಸಪ್ಪನ ಅನುಭವ.

ಪೇಚು ಏನೆಂದರೆ, ಅದೇ ಅಂಗೈ ಅಂದು ಸಂಜೆಯಷ್ಟೇ ಇನ್ನೊಂದು ಚಿಟಿಕೆ ಭಂಡಾರ ಹಿಡಿದಿತ್ತು. ಅದನ್ನು ಹಾಕಿದವನು ಚನ್ನೇಶ, ಹೆಂಡತಿ ಸರೋಜವ್ವನ ಖಾಸಾ ತಮ್ಮ. ಪಂಚಾಯಿತಿಯ ಒಂದೇ ಒಂದು ಸ್ಥಾನಕ್ಕೆ ಉಪಚುನಾವಣೆ. ಸಾವಕಾರರೂ ನಿಂತಿದ್ದರು, ಚನ್ನೇಶನೂ ನಿಂತಿದ್ದ. ಒಬ್ಬರು ಮುನಿದರೆ ಅಂಗಡಿ ಹೋಗುತ್ತದೆ, ಇನ್ನೊಬ್ಬ ಮುನಿದರೆ ಮನೆಯ ಊಟ ಹೋಗುತ್ತದೆ.

ಆದರೆ ಕರಬಸಪ್ಪ ಎಷ್ಟಾದರೂ ದರ್ಜಿ. ಯಾವ ಅಂಗಿ ಹೊಲಿದರೂ, ಮುಂದೆ ಬಿಚ್ಚಿ ಸಡಿಲ ಮಾಡಲು ಬರಲೆಂದು ಒಳಗೆ ಎರಡು ಬೆರಳು ಬಟ್ಟೆ ಬಿಡುವವನು. ಆಣೆಯಲ್ಲೂ ಬಿಟ್ಟ.

"ನಾ ಓಟು ಹಾಕಿದ್ರ ನಿಮಗ ಹಾಕ್ತೇನ್ರಿ," ಎಂದ.

ಚನ್ನೇಶನಿಗೂ ಅಕ್ಷರ ತಪ್ಪದೆ ಇದನ್ನೇ ಹೇಳಿದ್ದ. ಹಾಕಿದರೆ ತಾನೇ? ಓಟನ್ನೇ ಹಾಕದಿದ್ದರೆ ಎರಡು ಆಣೆಯಲ್ಲಿ ಒಂದೂ ಮುರಿಯುವುದಿಲ್ಲ. ತನ್ನ ಜಾಣತನಕ್ಕೆ ತಾನೇ ಮೆಚ್ಚಿ ಕರಬಸಪ್ಪ ಗೊರಕೆ ಹೊಡೆದ.

ಬೆಳಿಗ್ಗೆ ಎದ್ದಾಗ ಬೆರಳು ನೆನಪಾಯಿತು. ಓಟು ಹಾಕದವನ ಬೆರಳಿಗೆ ಶಾಯಿ ಎಲ್ಲಿಂದ ಬರಬೇಕು? ಬರಿಬೆರಳು ನೋಡಿದರೆ ಇಬ್ಬರೂ ಸೇರಿ ಅವನನ್ನು ಹಿಂಜಿದ ಹತ್ತಿಯಂತೆ ಮಾಡುತ್ತಾರೆ. ಸರೋಜವ್ವ ಆಗಲೇ ತಮ್ಮನ ಮನೆಗೆ ಅಡುಗೆಯ ನೆರವಿಗೆ ಹೋಗಿದ್ದಳು. ಕರಬಸಪ್ಪ ಅವಳ ಡಬ್ಬಿ ತೆರೆದು ಕೂದಲಿಗೆ ಹಚ್ಚುವ ಕರಿಬಣ್ಣದ ಪಾಕೀಟು ಹುಡುಕಿದ. ಪಾಕೀಟು ಇತ್ತು, ಬಣ್ಣ ಇರಲಿಲ್ಲ.

ಶಹಾಬುದ್ದೀನನ ಕಿರಾಣಿ ಅಂಗಡಿಗೆ ಓಡಿದ.

"ಕೂದಲಾ ಬಣ್ಣೇನು? ನಿನ್ನ ನಸೀಬ ಚಲೋ ಐತಿ, ಒಂದ ಉಳದೈತಿ ನೋಡು," ಎಂದ ಶಹಾಬುದ್ದೀನ. "ಅಂಗಡಿ ಬಾಗಲಾ ತಗದಾಗಿಂದ ಊರಿಗೆ ಊರ ಹರೇದವ್ರಾಗಾಕ ಹೊಂಟೈತಿ. ನಾಗಪ್ಪ ಮಾಸ್ತರ ಎರಡು ಪಾಕೀಟ ಒಯ್ದ್ರು."

ನಿವೃತ್ತ ನಾಗಪ್ಪ ಮಾಸ್ತರರ ತಲೆ ಹಿತ್ತಾಳೆಯ ತಂಬಿಗೆಯಂತೆ ಬೋಳು. ಅಲ್ಲಿಯೇ ಕರಬಸಪ್ಪನಿಗೆ ಏನಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕಳ್ಳನಿಗೆ ತನ್ನ ಕಳ್ಳತನದ್ದೇ ಚಿಂತೆ.

ಎಡಗೈ ತೋರುಬೆರಳಿನ ಉಗುರ ಮೇಲಿಂದ ಒಂದು ಗೆರೆ ಎಳೆದುಕೊಂಡು ಕರಬಸಪ್ಪ ಅಂಗಡಿಯ ಕಟ್ಟೆಯ ಮೇಲೆ ಮಷಿನ್ನಿಗೆ ಕುಳಿತ. ಮೊದಲು ಬಂದವನು ಚನ್ನೇಶ.

"ಮಾಮಾ, ಬೆರಳ ತೋರ್ಸು. ಆಹಾ! ಅಕ್ಕನ ಗಂಡಂದ್ರ ಹಿಂಗಿರಬೇಕು!"

"ನೀವು ಹಾಕಿದ್ರೇನು?"

"ನಮ್ಮ ಮಂದೀದು ಮಧ್ಯಾಹ್ನ, ರಾಹುಕಾಲ ಕಳೀಲಿ. ಸಾವಕಾರನೂ ಅದಕ್ಕ ಕುಂತಾನ."

ಅವನು ಅತ್ತ ಹೋದದ್ದೇ ಇತ್ತ ಸಾವಕಾರರು ಬಂದರು. ಬೆರಳು ನೋಡಿ ಬೆನ್ನು ಚಪ್ಪರಿಸಿದರು. "ಶಾಬ್ಬಾಶ್! ಗೆದ್ದ ದಿನ ಹಾಕ್ಕೊಳ್ಳೂ ಜುಬ್ಬಾ ಎಲ್ಲಿಗೆ ಬಂತಪಾ?"

"ಕಾಲರ್ ಒಂದ ಉಳದೈತ್ರಿ," ಎಂದು ಕರಬಸಪ್ಪ ಬಿಳಿ ಜುಬ್ಬ ಎತ್ತಿ ತೋರಿಸಿದ. ಅವರು ಬೆನ್ನು ತಿರುಗಿಸಿದ ಮೇಲೆ ನೋಡುತ್ತಾನೆ, ಕಾಲರಿನ ಮೇಲೆ ಕಾಗೆ ಕುಳಿತಂತೆ ಕಪ್ಪು ಗುರುತು. ಬಣ್ಣ ಇನ್ನೂ ಆರಿರಲಿಲ್ಲ. ನಿಂಬೆಹಣ್ಣು ತಿಕ್ಕಿದ, ಕಪ್ಪು ಇನ್ನಷ್ಟು ಹರಡಿತು. ಕಾಲರು ಬಿಚ್ಚಿ ಒಳಮೈ ಹೊರಗೆ ಮಾಡಿದ, ಅಲ್ಲಿಯೂ ಇಳಿದಿತ್ತು.

ಅಷ್ಟರಲ್ಲಿ ನಾಗಪ್ಪ ಮಾಸ್ತರರು ಬಂದು ಕಟ್ಟೆಯ ಮೇಲೆ ಕುಳಿತರು. ಕಪ್ಪಾದ ತೋರುಬೆರಳನ್ನು ಬಾವುಟದಂತೆ ನೆಟ್ಟಗೆ ಎತ್ತಿ ಹಿಡಿದು ಹೋಗಿಬರುವವರಿಗೆಲ್ಲ ಉಪದೇಶ ಮಾಡತೊಡಗಿದರು.

"ಓಟು ಹಾಕಲಾರದಾಂವ ಮನಶ್ಯಾನ ಅಲ್ಲ! ಏನಂತಿ ಕರಬಸಪ್ಪ?"

"ಖರೇ ಐತ್ರಿ ಮಾಸ್ತರ."

ದಾರಿಯಲ್ಲಿ ಹೋಗುವವರೂ ತಂತಮ್ಮ ಬೆರಳು ತೋರಿಸಿ ಹೋಗುತ್ತಿದ್ದರು. ಎಲ್ಲರದೂ ಕಪ್ಪು. ಇಷ್ಟು ಪ್ರಾಮಾಣಿಕರ ನಡುವೆ ತಾನೊಬ್ಬನೇ ಮೋಸಗಾರ ಎಂದು ಕರಬಸಪ್ಪನಿಗೆ ನಾಚಿಕೆಯಾಯಿತು. ನಾಚಿಕೆಯಾಯಿತೇ ಹೊರತು ಎದ್ದು ಓಟಿಗೆ ಹೋಗಲಿಲ್ಲ.

ನಾಲ್ಕು ಗಂಟೆಯ ಸುಮಾರಿಗೆ ರಹಿಮಾಬಿ ಬಂದಳು, ತಲೆದಿಂಬಿನ ಚೀಲ ಒಯ್ಯಲು. ಕಣದಲ್ಲಿದ್ದ ಮೂರನೆಯ ಅಭ್ಯರ್ಥಿ ಅವಳೇ. ಅವಳಿಗೆ ಆಣೆ ಹಾಕಿಸಲು ಬರುತ್ತಿರಲಿಲ್ಲ. ಪ್ರಚಾರಕ್ಕೆಂದು ಈ ಅಂಗಡಿಗೆ ಒಂದೇ ಸಲ ಬಂದಿದ್ದಳು. ಬಗ್ಗಿ ಕಟ್ಟೆಯ ಕೆಳಗೆ ನೋಡಿ, "ಗಟಾರ ಇದರ ಬುಡಕ ಕಟ್ಟೈತಿ ತಮ್ಮಾ. ಮಳಿಗಾಲದಾಗ ನಮ್ಮ ಮನ್ಯಾಗ ಬರೂ ಹೊಲಸ ನೀರೆಲ್ಲಾ ಇಲ್ಲಿಂದ. ನಾ ಗೆದ್ರ ಮೊದಲ ಈ ಕಟ್ಟಿ ಒಡಸ್ತೇನಿ. ಆಮ್ಯಾಲೆ ಹೇಳ್ಲಿಲ್ಲ ಅನಬ್ಯಾಡ," ಎಂದು ಹೇಳಿಹೋಗಿದ್ದಳು. ಓಟು ಕೇಳುವ ರೀತಿ ಇದೇ ಏನು ಎಂದು ಊರು ಮೂರು ದಿನ ನಕ್ಕಿತ್ತು. ಆ ಕಟ್ಟೆ ಹೋದರೆ ಮಷಿನ್ನು ಇಡಲು ಜಾಗವಿಲ್ಲದ ಕರಬಸಪ್ಪ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ.

ಈಗ ಚೀಲ ಇಸಿದುಕೊಳ್ಳಲು ಅವಳು ಕೈ ಚಾಚಿದಳು. ಅವಳ ಶಾಯಿ ಇದ್ದದ್ದು ನಡುಬೆರಳಿನ ಮೇಲೆ.

"ಅಕ್ಕಾರ, ಇದೇನ್ರಿ ಈ ಬೆರಳಿಗೆ?"

"ಈ ಸಲ ಎಲ್ಲಾರಿಗೂ ನಡುಬೆರಳಿಗೇ ಹಚ್ಚಾಕತ್ತಾರ. ಹೋದ ಚುನಾವಣೀ ಶಾಯಿ ಕೆಲವ್ರ ತೋರುಬೆರಳಾಗ ಇನ್ನೂ ಉಳದೈತಂತ." ಅವಳ ಕಣ್ಣು ಅವನ ಬೆರಳಿಗೆ ಹೋಯಿತು. "ನಿನಗೇನು ಬ್ಯಾರೇ ಕಾಯ್ದೆ ಐತೇನು?"

ಕರಬಸಪ್ಪ ಕೈಯನ್ನು ಜುಬ್ಬದೊಳಗೆ ತೂರಿಸಿದ. ಅವಳು ಚೀಲ ಮಡಚಿಕೊಂಡು ಹೋದಳು.

ರಾಹುಕಾಲ ಕಳೆದುಹೋಗಿತ್ತು. ಸಾವಕಾರರೂ ಚನ್ನೇಶನೂ ಇಷ್ಟೊತ್ತಿಗೆ ತಮ್ಮ ನಡುಬೆರಳು ನೋಡಿಕೊಂಡಿರುತ್ತಾರೆ. ಇನ್ನು ಒಬ್ಬೊಬ್ಬರ ಬೆರಳೂ ನೆನಪು ಮಾಡಿಕೊಳ್ಳುತ್ತಾರೆ. ನಡುಬೆರಳಿಗೆ ಬಳಿಯೋಣವೆಂದರೆ ಪಾಕೀಟು ಮುಗಿದಿದೆ, ಶಹಾಬುದ್ದೀನನ ಅಂಗಡಿಯೂ ಖಾಲಿ. ಊರಿನಲ್ಲಿ ಈಗ ಕಪ್ಪು ಉಳಿದಿರುವ ಜಾಗ ಒಂದೇ, ಶಾಲೆಯ ಮತಗಟ್ಟೆ.

ಹೀಗೆ, ಬಾಗಿಲು ಹಾಕಲು ಸ್ವಲ್ಪವೇ ಹೊತ್ತಿರುವಾಗ, ಬರೀ ಶಾಯಿಗೋಸ್ಕರ ಕರಬಸಪ್ಪ ಓಟು ಹಾಕಲು ಓಡಿದ. ಅಲ್ಲಿ ಸರತಿಯೇ ಇರಲಿಲ್ಲ. ಪೊಲೀಸಿನವನು ಗೋಡೆಗೆ ಒರಗಿ ತೂಕಡಿಸುತ್ತಿದ್ದ. ಅಧಿಕಾರಿ ಅವನ ಕೈ ಹಿಡಿದು ಹುಬ್ಬೇರಿಸಿದರು.

"ಹೋದ ಚುನಾವಣೀದು ಇನ್ನೂ ಇಷ್ಟು ಕರ್ರಗ ಐತೇನು?"

"ನಮ್ಮ ದೇಶಭಕ್ತಿ ಲಗೂನ ಹೋಗಂಗಿಲ್ರಿ ಸಾಹೇಬ್ರ."

ನಡುಬೆರಳಿಗೆ ಶಾಯಿ ಬಿತ್ತು. ಕೆಲಸ ಮುಗಿಯಿತೆಂದು ಅವನು ಹೊರಗೆ ಹೊರಟರೆ, "ಏ, ಚೀಟಿ ತಗೋ, ಶಿಕ್ಕಾ ಒತ್ತಿ ಹೋಗು," ಎಂದು ಕೂಗಿ ಕರೆದು ರಟ್ಟಿನ ಮರೆಯ ಹಿಂದೆ ಕಳಿಸಿದರು.

ಮತಪತ್ರದ ಮೇಲೆ ಮೂರು ಚಿತ್ರ. ಸಾವಕಾರರ ಕುಕ್ಕರು, ಚನ್ನೇಶನ ಬ್ಯಾಟು. ಕುಕ್ಕರಿಗೆ ಒತ್ತಿದರೆ ಚನ್ನೇಶನ ಭಂಡಾರ, ಬ್ಯಾಟಿಗೆ ಒತ್ತಿದರೆ ಸಾವಕಾರರ ಭಂಡಾರ. ಶಿಕ್ಕಾವನ್ನು ಕುಕ್ಕರಿನ ಮೇಲೆ ಹಿಡಿದ, ಬ್ಯಾಟಿನ ಮೇಲೆ ಹಿಡಿದ, ಎಲ್ಲಿಯೂ ಒತ್ತಲಿಲ್ಲ. ಹೊರಗಿನಿಂದ "ಲಗೂ ಮಾಡಪಾ" ಎಂದು ಕೂಗು. ಆಗ ಮೂರನೆಯ ಚಿತ್ರ ಕಂಡಿತು. ಹೊಲಿಗೆ ಮಷಿನ್ನು. ಹುಡುಗನಾಗಿದ್ದಾಗಿನಿಂದ ದಿಕ್ಕು ತೋಚದಾಗಲೆಲ್ಲ ಅವನ ಕೈ ಹೋಗುತ್ತಿದ್ದದ್ದು ಮಷಿನ್ನಿನ ಮೇಲೆಯೇ. ಈಗಲೂ ಹೋಯಿತು.

ಶಿಕ್ಕಾ ಎತ್ತಿದ ಮೇಲೆ ಅದು ರಹಿಮಾಬಿಯ ಗುರುತು ಎಂದು ಹೊಳೆಯಿತು. ಹೋಗಲಿ, ಊರಿನವರೆಲ್ಲ ಹಾಕಿದ ಓಟಿನಲ್ಲಿ ಇದೊಂದು ಯಾವ ಲೆಕ್ಕ ಎಂದುಕೊಂಡು ಮಡಚಿ ಪೆಟ್ಟಿಗೆಯೊಳಗೆ ಹಾಕಿದ.

ಎಣಿಕೆಯ ದಿನ ಊರು ಬಾಯಿ ಬಿಟ್ಟಿತು. ಸಾವಕಾರರಿಗೆ ಒಂಬತ್ತು ಓಟು, ಅವರ ಮನೆಯಲ್ಲಿ ಇರುವಷ್ಟು ಜನ. ಚನ್ನೇಶನಿಗೂ ಒಂಬತ್ತು, ಅವನ ಮನೆಯಲ್ಲಿ ಇರುವಷ್ಟು. ರಹಿಮಾಬಿಯ ತುಂಬುಮನೆಯಲ್ಲೂ ಒಂಬತ್ತೇ ಜನ. ಅವಳಿಗೆ ಬಿದ್ದದ್ದು ಹತ್ತು.

ಕರಬಸಪ್ಪನಿಗೆ ಶಹಾಬುದ್ದೀನನ ಅಂಗಡಿಯಲ್ಲಿ ಖಾಲಿಯಾದ ಕೂದಲ ಬಣ್ಣ ಆಗ ನೆನಪಾಯಿತು. ಸಾವಕಾರರೂ ಚನ್ನೇಶನೂ ಭಂಡಾರ ಹಿಡಿದು ಹೋಗದ ಮನೆಯೇ ಇರಲಿಲ್ಲ. ಒಳಗೆ ಎರಡು ಬೆರಳು ಬಟ್ಟೆ ಬಿಡಲು ದರ್ಜಿಯೇ ಆಗಬೇಕೆಂದೇನೂ ಇರಲಿಲ್ಲ.

ಸೋತವರಿಬ್ಬರೂ ಜನ್ಮದಲ್ಲಿ ಮೊದಲ ಸಲ ಒಂದಾಗಿ ಹತ್ತನೆಯ ಓಟಿನ ದ್ರೋಹಿಯನ್ನು ಹುಡುಕಿಕೊಂಡು ಮನೆಮನೆಗೆ ಹೊರಟರು. ಓಣಿಯವರು ಈಗ ಹೆಮ್ಮೆಯಿಂದ ಬರಿಯ ನಡುಬೆರಳು ತೋರಿಸಿದರು.

"ನೋಡ್ರಿ, ಕಲಿ ಇಲ್ಲ! ನಾ ಓಟ ಹಾಕಿಲ್ರಿ!" ಎಂದರು ನಾಗಪ್ಪ ಮಾಸ್ತರರು. "ಭಂಡಾರ ಮುಟ್ಟಿದ ಮ್ಯಾಲೆ ಅಂಥಾ ಕೆಟ್ಟ ಕೆಲಸಾ ಮಾಡ್ತೇನೇನ್ರಿ?"

ಸೋತವರಿಬ್ಬರು ಅಂಗಡಿಗೆ ಬರುವಷ್ಟರಲ್ಲಿ ಕರಬಸಪ್ಪ ನಡುಬೆರಳಿಗೆ ಜುಬ್ಬದ ಹಾಳಾದ ಕಾಲರನ್ನೇ ಸುತ್ತಿ ಕಟ್ಟಿದ್ದ.

"ಸೂಜಿ ಚುಚ್ಚೈತ್ರಿ," ಎಂದ.

ಸಾವಕಾರರು ಅವನ ತೋರುಬೆರಳಿನ ಕಪ್ಪು ನೋಡಿ, "ಇಂವ ನಮ್ಮಾಂವ ಬಿಡು, ಓಟ ಹಾಕಿಲ್ಲ," ಎಂದರು. ಚನ್ನೇಶ, "ನಮ್ಮ ಮಾಮಾ!" ಎಂದ.

ರಾತ್ರಿ ಊಟಕ್ಕೆ ಬಡಿಸುವಾಗ ಸರೋಜವ್ವ ಕೇಳಿದಳು: "ಬೆರಳಿಗೇನಾತ್ರಿ?"

"ಸೂಜಿ. ನಿನ್ನ ತೋರುಬೆರಳಿಗೇನಾತು?"

"ಬದನೀಕಾಯಿ ಕರೆ," ಎಂದು ಅವಳು ಇನ್ನೊಂದು ರೊಟ್ಟಿ ಹಾಕಿದಳು. ಖಾಸಾ ತಮ್ಮನಿಗೂ ಹಾಕದ ಅವಳ ಓಟಿನ ಬಗ್ಗೆ ಅವನು ಕೇಳಲಿಲ್ಲ. ಅವನ ಕಟ್ಟನ್ನು ಅವಳು ಬಿಚ್ಚಲಿಲ್ಲ.

ಮರುವಾರ ಕೆಲಸದವರು ಸಲಿಕೆ, ಹಾರೆ ಹಿಡಿದು ಬಂದರು. ಹಿಂದೆ ರಹಿಮಾಬಿ. ಮೊದಲ ಏಟು ಕರಬಸಪ್ಪನ ಕಟ್ಟೆಗೇ ಬಿತ್ತು. ಅವನು ಮಷಿನ್ನನ್ನು ಬೀದಿಯಲ್ಲಿಟ್ಟುಕೊಂಡು ನಿಂತಿದ್ದ.

"ಹೇಳಿ ಮಾಡಾಕತ್ತೇನಿ ನೋಡು ತಮ್ಮಾ," ಎಂದಳು ರಹಿಮಾಬಿ. ಆಮೇಲೆ ಅವನ ಬೆರಳಿನ ಕಟ್ಟು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ಮೆಲ್ಲಗೆ ಅಂದಳು: "ಆ ಬೆರಳ ಜ್ವಾಕಿ. ಮುಂದಿನ ಸಲಾನೂ ಬೇಕಾಗ್ತೈತಿ."

ಕಟ್ಟೆಯ ಕಲ್ಲು ಎದ್ದಿತು. ಎಷ್ಟೋ ವರ್ಷದಿಂದ ನಿಂತಿದ್ದ ನೀರು ಗಳಗಳ ಹರಿಯಿತು. ಯಾರು ಗೆಲ್ಲಿಸಿದರೋ ಇವಳನ್ನು, ಅವರ ಮನೆ ಹಾಳಾಗಲಿ ಎಂದು ಮಾಸ್ತರರು ಶಪಿಸಿದರು. ಕರಬಸಪ್ಪ ಬೆರಳಿನ ಕಟ್ಟನ್ನು ಇನ್ನೊಂದು ಸುತ್ತು ಬಿಗಿ ಮಾಡಿಕೊಂಡು ಹೌದೆಂದು ತಲೆಯಾಡಿಸಿದ. ಉಗುರು ಬೆಳೆದು ಶಾಯಿ ತಾನಾಗಿ ಹೋಗುವವರೆಗೆ, ಹೋದ ಮೇಲೂ, ಇದನ್ನು ಯಾರ ಮುಂದೆಯೂ ಬಾಯಿ ಬಿಡಬಾರದೆಂದು ಅವನು ಅಲ್ಲಿಯೇ ನಿರ್ಧರಿಸಿದ. ಭಂಡಾರ ಮಾತ್ರ ಮುಟ್ಟಲಿಲ್ಲ.