ಸೋದರಮಾವನ ಆಯುಷ್ಯವೂ ನನ್ನ ಕಿವಿಯ ಮೇಲಿನ ಕೂದಲೂ

ಹೊಸವರ್ಷದ ಆರನೆಯ ದಿನ ಸೋದರಮಾವ ಊಟಕ್ಕೆ ಬಂದಾಗ ನನ್ನ ಗದ್ದ ಸುಲಿದ ಮೊಟ್ಟೆಯಂತೆ ಹೊಳೆಯುತ್ತಿರಬೇಕು. ಅದನ್ನು ಬೋಳಿಸಿದ್ದು ನನ್ನ ಕೈಯೇ ಆಗಿರಬೇಕು, ಬೋಳಿಸಿದ ಕತ್ತಿಗೆ ಸಾಣೆ ಹಿಡಿದದ್ದೂ ನನ್ನ ಕೈಯೇ ಆಗಿರಬೇಕು! ಹೀಗೆಂದು ನಾನು ಭೀಷಣ ಪ್ರತಿಜ್ಞೆ ಮಾಡಿದ್ದು ಯಾಂಗ್‌ಝೌ ಪಟ್ಟಣದ ನನ್ನ ಕತ್ತಿಯಂಗಡಿಯಲ್ಲಿ, ಒಬ್ಬ ಗಿರಾಕಿಯೂ ಇಲ್ಲದ ಮಧ್ಯಾಹ್ನದಲ್ಲಿ. ಗಿರಾಕಿಗಳಿದ್ದಿದ್ದರೆ ಪ್ರತಿಜ್ಞೆ ಮಾಡಲು ಪುರಸೊತ್ತೆಲ್ಲಿ?

ಇಪ್ಪತ್ತೆರಡು ವರ್ಷಗಳಿಂದ ನಾನು ಕ್ಷೌರದ ಕತ್ತಿ ಮಾರುತ್ತಿದ್ದೇನೆ. "ಸ್ವಾಮಿ, ಈ ಕತ್ತಿ ಕೆನ್ನೆಯ ಮೇಲೆ ಓಡಿದ್ದು ಕೆನ್ನೆಗೇ ಗೊತ್ತಾಗೋದಿಲ್ಲ!" ಎಂದು ನಾನು ಹೇಳಿದರೆ ಗಿರಾಕಿ ತನ್ನ ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತಾನೆ, ಕತ್ತಿ ಕೊಳ್ಳುತ್ತಾನೆ, ಹೋಗುತ್ತಾನೆ. ಅವನು ತಿರುವಿನಲ್ಲಿ ಮರೆಯಾದ ಮೇಲೆ ನಾನು ಮೇಜಿನ ಕೆಳಗಿನಿಂದ ಬ್ಯಾಟರಿ ಯಂತ್ರ ತೆಗೆದು ಗುರ್ರ್ ಎಂದು ಗಡ್ಡ ಕೆರೆದುಕೊಳ್ಳುತ್ತೇನೆ. ಇದರಲ್ಲಿ ತಪ್ಪೇನು? ಶವಪೆಟ್ಟಿಗೆ ಮಾರುವವನು ಅದರೊಳಗೆ ಮಲಗಿ ನೋಡಿರುತ್ತಾನೆಯೆ?

ಕಳೆದ ಚಳಿಗಾಲದ ಮೊದಲಲ್ಲಿ, ಯಂತ್ರ ಗುರ್ರೆನ್ನುತ್ತಿದ್ದ ಹೊತ್ತಿಗೆ ಸರಿಯಾಗಿ ಗೆಂಗ್ ಮಾವ ಒಳಗೆ ಬಂದ. ಗೆಂಗ್ ಮಾವ ಎಂದರೆ ನನ್ನ ತಾಯಿಯ ತಮ್ಮ. ಎಪ್ಪತ್ತಾರು ವರ್ಷ, ಅದರಲ್ಲಿ ಐವತ್ತೆರಡು ವರ್ಷ ಊರಿನ ಅರ್ಧ ತಲೆಗಳನ್ನು ಬೋಳಿಸಿದವನು.

"ಏನೋ ಎರ್‌ಬಾವ್, ಅಂಗಡಿಗೆ ದುಂಬಿ ಹೊಕ್ಕಿದೆಯೇನೋ?"

"ಅದೂ... ಮಾವ... ಗಿರಾಕಿ ಬಿಟ್ಟು ಹೋದದ್ದು. ಕೆಟ್ಟಿದೆಯಾ ನೋಡ್ತಿದ್ದೆ."

"ಗಿರಾಕಿ ಯಂತ್ರ ಬಿಟ್ಟು ಹೋದ. ಗಡ್ಡಾನೂ ನಿನ್ನ ಮುಖದ ಮೇಲೆ ಬಿಟ್ಟು ಹೋದ್ನಾ?"

ಬೇರೆ ಯಾರಾದರೂ ಆಗಿದ್ದರೆ ನಕ್ಕು ತಳ್ಳಿಬಿಡುತ್ತಿದ್ದೆ. ಆದರೆ ಮಾವನ ಹತ್ತಿರ ಒಂದು ಸಾಣೆಕಲ್ಲಿತ್ತು. ಹಸಿರು ಮಿಶ್ರಿತ ಕಪ್ಪು, ಅಂಗೈಯಗಲ, ಐವತ್ತೆರಡು ವರ್ಷದ ತಿಕ್ಕಾಟಕ್ಕೆ ಕನ್ನಡಿಯಂತಾದ ಕಲ್ಲು. ಅದನ್ನು ನನ್ನ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕೆಂಪು ಬಟ್ಟೆಯ ಮೇಲೆ ಮಲಗಿಸಬೇಕೆಂದು ಹತ್ತು ವರ್ಷದಿಂದ ಹಲ್ಲು ಗಿಂಜುತ್ತಿದ್ದೆ. ಗೆಂಗ್ ಗುರುಗಳ ಕಲ್ಲು ಎಂದರೆ ಸಾಕು, ಜನ ಅದನ್ನು ನೋಡಲು ಬಂದು ನನ್ನ ಕತ್ತಿ ಕೊಂಡು ಹೋಗುತ್ತಾರೆ!

"ಕಲ್ಲು ಬೇಕಾ?" ಎಂದ ಮಾವ. "ಹೊಸವರ್ಷದ ಆರನೇ ದಿನ ನಿಮ್ಮನೆಗೆ ಊಟಕ್ಕೆ ಬರ್ತೀನಿ. ನೀನೇ ಸಾಣೆ ಹಿಡಿದ ಕತ್ತೀಲಿ ನೀನೇ ಬೋಳಿಸಿದ ಗದ್ದ ತೋರಿಸು, ಕಲ್ಲು ನಿಂದು. ಇಲ್ದಿದ್ರೆ ಎದುರಂಗಡಿ ಪಾಂಗ್‌ಗೆ ಕೊಡ್ತೀನಿ. ಅವನೂ ನಿನ್ನಷ್ಟೇ ಸುಳ್ಳ, ಆದ್ರೆ ಗಡ್ಡ ಮಾತ್ರ ಕತ್ತೀಲೇ ತೆಗೀತಾನೆ."

ಪಾಂಗ್‌ಗೆ! ಅವನ ಗಾಜಿನ ಪೆಟ್ಟಿಗೆಯಲ್ಲಿ! ನನ್ನ ಕಣ್ಣೆದುರಿಗೆ, ದಿನಾ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ!

ನಮ್ಮ ಊರು ಮೂರು ಕತ್ತಿಗಳಿಗೆ ಹೆಸರುವಾಸಿ. ಒಂದು ಅಡುಗೆಯವನದು, ಇನ್ನೊಂದು ಕ್ಷೌರಿಕನದು, ಮೂರನೆಯದು ಸ್ನಾನಗೃಹಗಳಲ್ಲಿ ಕಾಲಿನ ಆಣಿ ಕೆತ್ತಿ ಉಗುರು ತೀಡುವವರದು. ಈ ಮೂರನೆಯ ಕತ್ತಿ ನನ್ನ ಮನೆಯಲ್ಲೇ ಇದೆ. ನನ್ನ ಹೆಂಡತಿ ಚೈಯುನ್ ಹಳೆ ಸೇತುವೆಯ ಸ್ನಾನಗೃಹದಲ್ಲಿ ಹತ್ತೊಂಬತ್ತು ವರ್ಷದಿಂದ ಊರವರ ಪಾದಸೇವೆ ಮಾಡುತ್ತಿದ್ದಾಳೆ. ಅವಳ ಆರು ಪುಟ್ಟ ಕತ್ತಿಗಳಿಗೆ ದಿನಾ ಸಂಜೆ ಅವಳೇ ಸಾಣೆ ಹಿಡಿಯುತ್ತಾಳೆ.

"ನಾನು ಹೇಳಿಕೊಡ್ಲಾ?" ಎಂದಳು.

"ನೀನಾ? ನಿಂದು ಕಾಲಿನ ಇಲಾಖೆ ಕಣೇ. ಇದು ಮುಖದ ಇಲಾಖೆ!"

"ಕತ್ತಿಗೆ ಕಾಲು ಯಾವ್ದು ಮುಖ ಯಾವ್ದು ಅಂತ ಗೊತ್ತಾಗಲ್ಲ ರೀ."

"ಗಂಡಸಿನ ಮುಖಕ್ಕೆ ಅದರದೇ ಆದ ಘನತೆ ಇರುತ್ತೆ."

"ಇರುತ್ತೆ ಇರುತ್ತೆ. ನಾನು ಊರವರ ಹಿಮ್ಮಡಿ ನೋಡಿದೀನಿ, ನಿಮ್ಮ ಮುಖಾನೂ ನೋಡಿದೀನಿ. ಅದಕ್ಕೇ ಕೇಳಿದ್ದು."

ನಾನು ಎದ್ದು ತರಕಾರಿ ಮಾರುಕಟ್ಟೆಗೆ ಹೊರಟೆ. ಮಹತ್ಕಾರ್ಯಕ್ಕೆ ಹೊರಟವನು ಸಣ್ಣ ಮಾತಿಗೆ ಕಿವಿಗೊಡಬಾರದು.

ಕ್ಷೌರ ಕಲಿಯುವವರು ಮೊದಲು ಕೈ ಪಳಗಿಸುವುದು ಬೂದುಗುಂಬಳದ ಮೇಲೆ. ನೊರೆ ಹಚ್ಚಬೇಕು, ಸಿಪ್ಪೆಗೆ ಗೀರು ಬೀಳದಂತೆ ಬೂದಿ ಮಾತ್ರ ತೆಗೆಯಬೇಕು. ನಾನು ಹನ್ನೊಂದು ಕುಂಬಳಗಳನ್ನು ಬೋಳಿಸಿದೆ. ಏಳು ವೀರಮರಣವನ್ನಪ್ಪಿದವು. ಹನ್ನೊಂದು ದಿನವೂ ಮನೆಯಲ್ಲಿ ಕುಂಬಳದ ಸಾರು. ಬಟ್ಟಲಿನಲ್ಲಿ ಎಣ್ಣೆಯ ಜೊತೆ ಒಂದಿಷ್ಟು ಸಾಬೂನಿನ ಗುಳ್ಳೆಗಳೂ ತೇಲುತ್ತಿದ್ದವು. "ಒಳ್ಳೇದಾಯ್ತು," ಎಂದಳು ಚೈಯುನ್, "ಪಾತ್ರೆ ತೊಳೆಯೋ ಕೆಲಸ ಉಳೀತು."

ಸಾಣೆಯ ವಿಷಯ ಇನ್ನೂ ಘನವಾದದ್ದು. ಕಲ್ಲಿನ ಮೇಲೆ ಕತ್ತಿಯ ಬೆನ್ನೂ, ಬಾಯಿ ಎನ್ನುವ ಹರಿತದ ಅಂಚೂ ಒಟ್ಟಿಗೆ ಮಲಗಿರಬೇಕು. ಇದನ್ನು ನಾನು ಸಾವಿರಾರು ಗಿರಾಕಿಗಳಿಗೆ ಹೇಳಿದ್ದೇನೆ. ಹೇಳುವಾಗ ಬಹಳ ಸುಲಭವಾಗಿತ್ತು! ನನ್ನ ಕೈಯಲ್ಲಿ ಮಾತ್ರ ಬಾಯಿ ಮಲಗಿದರೆ ಬೆನ್ನು ಏಳುತ್ತಿತ್ತು. ಆಮೇಲೆ ತೊಗಲಿನ ಪಟ್ಟಿಯ ಮೇಲೆ ಎಳೆಯಬೇಕು, ಬೆನ್ನು ಮುಂದೆ, ಬಾಯಿ ಹಿಂದೆ. ನಾನು ಉತ್ಸಾಹದಲ್ಲಿ ಬಾಯಿ ಮುಂದೆ ಮಾಡಿ ಎಳೆದೆ. ಪಟ್ಟಿ ಎರಡಾಯಿತು. ಆ ಕತ್ತಿ ನನ್ನ ಕೈಯಲ್ಲಿ ಸರಿಯಾಗಿ ಕತ್ತರಿಸಿದ್ದು ಅದೊಂದನ್ನೇ.

ಮುಖದ ಮೇಲೆ ಅದು ಕೂದಲನ್ನು ಕತ್ತರಿಸುತ್ತಿರಲಿಲ್ಲ. ಬೇರುಸಹಿತ ಎದ್ದು ಬರುವಂತೆ ಮನವೊಲಿಸುತ್ತಿತ್ತು. ಕಣ್ಣಲ್ಲಿ ನೀರು. "ಅಮ್ಮಾ!" ಎಂಬ ಉದ್ಗಾರ. ಕತ್ತಿ ಓಡದಿದ್ದರೆ ಓಡಿಸಬೇಕು ಎಂಬ ವ್ಯಾಪಾರಿ ಬುದ್ಧಿಯಿಂದ ನಾನು ಭುಜದ ಬಲವನ್ನೆಲ್ಲ ಹಾಕಿ, ಗದ್ದದಿಂದ ಮೇಲಕ್ಕೆ ದೂಡುವುದನ್ನು ಅಭ್ಯಾಸ ಮಾಡಿದೆ. ಮೂರು ವಾರದಲ್ಲಿ ತೋಳು ಗಟ್ಟಿಯಾಯಿತು. ಗಡ್ಡ ಇದ್ದಷ್ಟೇ ಇತ್ತು.

ಇಷ್ಟರಲ್ಲಿ ನಮ್ಮ ಚಾಂದ್ರಮಾನದ ಹೊಸವರ್ಷ ಬಂತು. ಹೊಸವರ್ಷದ ಮೊದಲ ತಿಂಗಳು ತಲೆಗೆ ಕತ್ತಿ ತಾಗಿಸಿದರೆ ಸೋದರಮಾವ ಸಾಯುತ್ತಾನೆ. ಇದು ನಮ್ಮ ಅಜ್ಜಂದಿರ ಅಜ್ಜಂದಿರು ಹೇಳಿದ ಮಾತು. ಏಕೆ ಸಾಯುತ್ತಾನೆ, ಚಿಕ್ಕಪ್ಪ ಏಕೆ ಸಾಯುವುದಿಲ್ಲ ಎಂದೆಲ್ಲ ಕೇಳಬಾರದು. ಎರಡನೇ ತಿಂಗಳ ಎರಡನೇ ದಿನ, ಆಕಾಶದಲ್ಲಿ ಡ್ರ್ಯಾಗನ್ ತಲೆಯೆತ್ತುವ ದಿನ ಬರುವ ತನಕ ಇಡೀ ಊರು ಜುಟ್ಟು ಬಿಟ್ಟುಕೊಂಡು ಕಾಯುತ್ತದೆ.

"ಗಡ್ಡಕ್ಕೆ ಅಡ್ಡಿಯಿಲ್ಲ," ಎಂದಳು ಚೈಯುನ್. "ತಲೆಗೆ ಮಾತ್ರ ತಾಗಿಸಬೇಡಿ."

"ಗಡ್ಡ ಯಾವ್ದು ತಲೆ ಯಾವ್ದು ಅಂತ ನಂಗೊತ್ತಿಲ್ವಾ?"

"ಹೇಳಿ ನೋಡೋಣ, ಗಡ್ಡ ಎಲ್ಲಿ ಮುಗಿಯುತ್ತೆ, ತಲೆ ಎಲ್ಲಿ ಶುರುವಾಗುತ್ತೆ?"

"ಕಿವಿ ಹತ್ತಿರ."

"ಹಾಂ. ಕಿವಿ ಹತ್ತಿರ ಹುಷಾರು."

ಆರನೆಯ ದಿನ ಬೆಳಿಗ್ಗೆ ಕನ್ನಡಿ ಮುಂದೆ ನಿಂತೆ. ನೊರೆ ಹಚ್ಚಿದೆ. ಕತ್ತಿಯನ್ನು ಗದ್ದದ ಬಲತುದಿಗೆ ಇಟ್ಟೆ. ಉಸಿರು ಬಿಗಿಹಿಡಿದು, ಎಂದಿನಂತೆ ಭುಜದ ಬಲವನ್ನೆಲ್ಲ ಸೇರಿಸಿ ಮೇಲಕ್ಕೆ ದೂಡಿದೆ.

ಕತ್ತಿ ಎಂದಿನಂತಿರಲಿಲ್ಲ! ಹಸಿ ತೋಫುವಿನೊಳಗೆ ಹೊಕ್ಕಂತೆ ಸುಯ್ಯೆಂದು ಹೊರಟಿತು. ಗದ್ದ ಬಿಟ್ಟ ಗಾಡಿ ಕೆನ್ನೆಯ ನಿಲ್ದಾಣದಲ್ಲಿ ನಿಲ್ಲಲಿಲ್ಲ, ಕಿವಿಯ ನಿಲ್ದಾಣದಲ್ಲೂ ನಿಲ್ಲಲಿಲ್ಲ; ಸೀದಾ ನೆತ್ತಿಯ ದಾರಿ ಹಿಡಿದು, ಕಿವಿಯಿಂದ ನಾಲ್ಕು ಬೆರಳು ಮೇಲೆ ಹೋಗಿ ನಿಂತಿತು. ಹಿಂದೆ ಮೂರು ಬೆರಳಗಲದ, ಫಳಫಳ ಹೊಳೆಯುವ ರಾಜಮಾರ್ಗ! ಒಂದು ಹನಿ ರಕ್ತವಿಲ್ಲ. ರಕ್ತವಾದರೂ ಬಂದಿದ್ದರೆ ಅನುಕಂಪವಾದರೂ ಸಿಗುತ್ತಿತ್ತು.

ಚೈಯುನ್ ಬಾಗಿಲಲ್ಲಿ ನಿಂತು ಬಾಯಿಗೆ ಕೈ ಹಿಡಿದಳು. "ಅಯ್ಯೋ! ಮಾವನ್ನ ಕೊಂದ್ರಲ್ರೀ!"

"ಇನ್ನೂ ಇಲ್ಲ. ಹನ್ನೊಂದು ಗಂಟೆಗೆ ಬರ್ತಾನೆ."

"ನಾನು ಹೇಳಿರಲಿಲ್ವಾ ಕಿವಿ ಹತ್ತಿರ ಹುಷಾರು ಅಂತ?"

"ಕಿವಿ ಹತ್ತಿರ ಹುಷಾರಾಗೇ ಇದ್ದೆ ಕಣೇ. ಕಿವಿ ಬಂದಿದ್ದೇ ಗೊತ್ತಾಗಲಿಲ್ಲ!"

ಉಳಿದರ್ಧ ಮುಖವನ್ನು ಗಾಳಿ ಮುಟ್ಟಿದಂತೆ ಮುಟ್ಟಿ ಬೋಳಿಸಿದೆ. ಅದು ಮೊಟ್ಟೆಯಂತಾಯಿತು. ಬಾಗಿಲಿಗೆ ಹೊಸವರ್ಷದ ಶುಭನುಡಿ ಬರೆದು ಮಿಕ್ಕಿದ್ದ ಶಾಯಿ ಬಟ್ಟಲಲ್ಲಿತ್ತು. ಚೈಯುನ್ ಕುಂಚ ತಂದು ರಾಜಮಾರ್ಗಕ್ಕೆ ಕಪ್ಪು ಬಳಿದಳು. ಅದರ ಮೇಲೆ ಕಿವಿ ಮುಚ್ಚುವ ತುಪ್ಪಳದ ಟೋಪಿ ಹಾಕಿದೆ.

ಮಾವ ಬಂದ, ಜೊತೆಗೆ ಅತ್ತೆ ಬಂದಳು. ಬಂದವಳೇ, "ಈ ವರ್ಷ ನಿಮ್ಮ ಮಾವನಿಗೆ ಗ್ರಹಚಾರ ಚೆನ್ನಾಗಿಲ್ಲವಂತೆ ಕಣಪ್ಪಾ. ಗಾಳಿ ಬೀಸಿದ್ರೂ ಜೋಪಾನ ಅಂದಿದಾರೆ," ಎಂದಳು. ನನ್ನ ಟೋಪಿಯೊಳಗೆ ಬೆವರು ಒಡೆಯಿತು.

"ಮನೆಯೊಳಗೆ ಟೋಪಿ ಯಾಕೋ?" ಎಂದ ಮಾವ.

"ಚಳಿ ಮಾವ."

"ಬೆವರ್ತಿದೀಯ?"

"ಒಳಗೆ ಚಳಿ, ಹೊರಗೆ ಬೆವರು. ಒಂಥರಾ ಹೊಸ ಜ್ವರ."

ಮಾವ ಬೆರಳ ಹಿಂಬದಿಯಿಂದ ನನ್ನ ಗದ್ದ ಸವರಿದ. ಎಡಕ್ಕೆ. ಬಲಕ್ಕೆ. ಮತ್ತೆ ಎಡಕ್ಕೆ. "ಹೂಂ," ಎಂದ. "ಮೊಟ್ಟೆ." ಚೀಲದಿಂದ ಕಲ್ಲನ್ನು ತೆಗೆದು ಅನ್ನದ ಬೋಗುಣಿಯ ಪಕ್ಕಕ್ಕೇ ಇಟ್ಟ! ಕೈ ಚಾಚಿದರೆ ಸಿಗುವಷ್ಟು ದೂರ! ಊಟ ಮುಗಿಯಬೇಕು, ಅವರು ಹೊರಡಬೇಕು, ಕಲ್ಲು ನನ್ನದು!

ನಮ್ಮೂರಿನಲ್ಲಿ ಸಿಂಹದ ತಲೆ ಎಂದು ಕರೆಯುವ ಮಾಂಸದ ಉಂಡೆ ಮಾವನಿಗೆ ಪಂಚಪ್ರಾಣ. ಎರಡನೆಯ ಉಂಡೆಯನ್ನು ಇಡಿಯಾಗಿ ಬಾಯಿಗಿಟ್ಟವನು ಇದ್ದಕ್ಕಿದ್ದಂತೆ ಕೆಂಪಾದ. ನೀಲಿಯಾದ. ಉಸಿರು ಬರಲೊಲ್ಲದು!

ನಾನು ಹಾರಿ ಎದ್ದೆ. ಟೋಪಿಯೂ ಹಾರಿತು. ಬೆವರಿಗೆ ಕರಗಿದ ಶಾಯಿ ಕೆನ್ನೆಯ ಮೇಲೆ ಕಪ್ಪು ನದಿಯಾಗಿ ಇಳಿಯಿತು. ಅತ್ತೆ ಗಂಡನನ್ನು ಬಿಟ್ಟು ನನ್ನ ತಲೆ ನೋಡಿದಳು.

"ಮೊದಲ ತಿಂಗಳಲ್ಲಿ ತಲೆ ಬೋಳಿಸಿದೀಯೇನೋ ಪಾಪಿ! ಅದಕ್ಕೇ ಇವರಿಗೆ ಉಸಿರು ಕಟ್ಟಿದ್ದು! ಎತ್ತಿ ಆಡಿಸಿದ ಮಾವನ್ನ ತಿಂದೆಯಲ್ಲೋ!"

"ಪೂರ್ತಿ ಬೋಳಿಸಿಲ್ಲ ಅತ್ತೆ! ಒಂದೇ ಒಂದು ಪಟ್ಟಿ!"

ಚೈಯುನ್ ಓಡಿ ಬಂದಳು. ಪಾದ ತಿಕ್ಕಿ ಪಳಗಿದ ಅಂಗೈಯಿಂದ ಮಾವನ ಬೆನ್ನಿಗೆ ಒಂದು ಬಾರಿಸಿದಳು. ಉಂಡೆ ಹೊರಗೆ ಬಿತ್ತು, ಉಸಿರು ಒಳಗೆ ಹೋಯಿತು.

ಮಾವ ಕಣ್ಣೊರೆಸಿಕೊಂಡು ನನ್ನ ತಲೆಯನ್ನೇ ನೋಡಿದ. ಎದ್ದು ಬಂದ. ಈಗ ಬಿತ್ತು ಏಟು ಎಂದು ಕಣ್ಣು ಮುಚ್ಚಿದೆ. ಆದರೆ ಅವನು ಮೃದುವಾಗಿ ಆ ಪಟ್ಟಿಯನ್ನು ಸವರಿದ.

"ಆಹಾ!" ಎಂದ. "ಒಂದು ಕೂದಲೂ ಹರಿದಿಲ್ಲ, ಚರ್ಮ ಕೆಂಪಾಗಿಲ್ಲ. ಈ ಸಾಣೆ ಯಾರದೋ?"

ಸಾವಿನಂಚಿನಿಂದ ಬಂದ ಮಾವ, ಅಳುತ್ತಿರುವ ಅತ್ತೆ, ಶಾಯಿ ಸುರಿಯುವ ಮುಖ. ಮನುಷ್ಯನಾದವನು ಆಗ ಸತ್ಯ ಹೇಳುತ್ತಿದ್ದ. ಆದರೆ ಕಲ್ಲು ಅನ್ನದ ಬೋಗುಣಿಯ ಪಕ್ಕದಲ್ಲಿತ್ತು, ನಾನು ವ್ಯಾಪಾರಿ.

"ನಂದೇ ಮಾವ."

ಮಾವ ನನ್ನ ಕತ್ತಿ ತರಿಸಿದ. ಅದರ ಬಾಯಿಯನ್ನು ಗಾಜಿನ ಲೋಟದ ಅಂಚಿಗೆ ಒಮ್ಮೆ ಉಜ್ಜಿ ಮೊಂಡು ಮಾಡಿದ. "ಈಗ ಈ ಕಲ್ಲಲ್ಲಿ ಸಾಣೆ ಹಿಡಿ ನೋಡೋಣ."

ಕಾಲು ಗಂಟೆ ತಿಕ್ಕಿದೆ. ಮಾವ ಅತ್ತೆಯ ತಲೆಯಿಂದ ಒಂದು ಕೂದಲು ಕಿತ್ತು, ಎರಡು ಬೆರಳಲ್ಲಿ ನೇತುಹಾಕಿ, ಕತ್ತಿ ತಾಗಿಸಿದ. ಕೂದಲು ಬಾಗಿ ಕತ್ತಿಗೆ ನಮಸ್ಕಾರ ಮಾಡಿ ಪಕ್ಕಕ್ಕೆ ಸರಿದು ನಿಂತಿತು.

ಚೈಯುನ್ ಅಡುಗೆಯ ಮೇಲಂಗಿಗೆ ಕೈ ಒರೆಸಿಕೊಂಡು ಬಂದಳು. ಕಲ್ಲಿನ ಮೇಲೆ ಮೂವತ್ತು ಸಲ ಅತ್ತ, ಮೂವತ್ತು ಸಲ ಇತ್ತ. ಅಂಗೈ ಮೇಲೆ ಹತ್ತು ಸಲ. ಮಾವ ಇನ್ನೊಂದು ಕೂದಲು ಕಿತ್ತ, ಅತ್ತೆ ಕಿರುಚಿದಳು. ಕತ್ತಿ ತಾಗಿತೋ ಇಲ್ಲವೋ, ಕೂದಲು ಎರಡು ತುಂಡು!

"ಬೆಳಿಗ್ಗೆ ಇವರೇಳೋ ಮುಂಚೆ ನಾನೇ ಹಿಡಿದಿಟ್ಟೆ ಮಾವ," ಎಂದಳು. "ಇವರು ದಿನಾ 'ಅಮ್ಮಾ ಅಮ್ಮಾ' ಅಂತ ನರಳೋದು ಕೇಳಿ ಪಕ್ಕದ ಮನೆಯವರು ನನ್ನನ್ನೇ ಒಂಥರಾ ನೋಡ್ತಿದ್ರು. ಹೇಳಿದ್ರೆ ಬೇಡ ಅಂತಾರೆ ಅಂತ ಹೇಳಲಿಲ್ಲ."

"ಯಾವ ಕಲ್ಲಲ್ಲಿ ಹಿಡಿದೆಯಮ್ಮಾ?"

"ಇನ್ಯಾವುದು ಮಾವ, ನನ್ನ ಕಾಲುಕತ್ತಿ ಕಲ್ಲಲ್ಲಿ."

ಅಂದರೆ ನನ್ನ ಘನತೆವೆತ್ತ ಮುಖಕ್ಕೆ ಆ ದಿನ ಊರಿನ ಅಷ್ಟೂ ಹಿಮ್ಮಡಿಗಳ ಕೃಪೆ ಸಂದಿತ್ತು!

ಮಾವ ತನ್ನ ಕಲ್ಲನ್ನು ಮೇಜಿನ ಮೇಲೆ ಸರಿಸಿದ. ಅದು ನನ್ನನ್ನು ದಾಟಿ ಚೈಯುನ್ ಮುಂದೆ ಹೋಗಿ ನಿಂತಿತು. ಆಮೇಲೆ ಕುರ್ಚಿ ತೋರಿಸಿ, "ಕೂತ್ಕೊಳೋ," ಎಂದ. ಕೈಯಲ್ಲಿ ಕತ್ತಿ.

"ಮಾವ! ಮೊದಲ ತಿಂಗಳು!"

"ಒಂದು ಪಟ್ಟಿ ಬೋಳಿಸಿ ನನ್ನನ್ನ ಅರೆಜೀವ ಮಾಡ್ತೀಯಾ? ಐವತ್ತೆರಡು ವರ್ಷ ಕ್ಷೌರ ಮಾಡಿದೋನು ನಾನು. ಸತ್ರೆ ನೀಟಾಗಿ ಸಾಯ್ತೀನಿ. ತಲೆ ಬಗ್ಸು!"

ಅತ್ತೆ ಕಣ್ಣು ಮುಚ್ಚಿಕೊಂಡಳು. ಏಳು ನಿಮಿಷದಲ್ಲಿ ನನ್ನ ತಲೆ ನನ್ನ ಗದ್ದಕ್ಕೆ ಸರಿಜೋಡಿಯಾಯಿತು.

ಮರುದಿನ ಅಂಗಡಿ ತೆರೆದಾಗ ಪಾಂಗ್ ರಸ್ತೆಯ ಆಚೆಯಿಂದಲೇ ಕೂಗಿದ: "ಏನಪ್ಪಾ, ಮಾವನ ಜೊತೆ ಅಷ್ಟೊಂದು ಜಗಳವಾ?" ಅಂದಿನಿಂದ ದಿನಾ ಬೆಳಿಗ್ಗೆ ಎದ್ದ ಕೂಡಲೇ ಮಾವನಿಗೆ ಫೋನು ಮಾಡತೊಡಗಿದೆ.

"ಮಾವ, ಇದೀಯಾ?"

"ಇಲ್ಲ ಕಣೋ, ನಿನ್ನೆ ಸತ್ತೆ. ಏನ್ ಬೇಕು?"

ಹೀಗೆ ದಿನಗಳು ಉರುಳಿ ಡ್ರ್ಯಾಗನ್ ತಲೆಯೆತ್ತುವ ದಿನ ಬಂತು. ಊರಿಗೆ ಊರೇ ಜುಟ್ಟು ಹೊತ್ತು ಕ್ಷೌರದಂಗಡಿಗಳ ಮುಂದೆ ಸಾಲು ನಿಂತಿತು. ಮಾವ ಕೈಬೀಸಿಕೊಂಡು ನನ್ನ ಅಂಗಡಿಗೆ ಬಂದ. ಒಂದು ಕೆಮ್ಮಿಲ್ಲ, ಒಂದು ಸೀನಿಲ್ಲ, ಕೈಯಲ್ಲಿ ಹುರಿದ ಕಲ್ಲಂಗಡಿ ಬೀಜದ ಪೊಟ್ಟಣ. ನನ್ನ ಎದೆಯ ಮೇಲಿಂದ ಬಂಡೆ ಇಳಿದಂತಾಯಿತು. ಇಳಿದ ಕೂಡಲೇ ನಾಲಿಗೆ ಹಳೆಯ ಚಾಳಿಗೆ ಮರಳಿತು.

"ನೋಡಿದೆಯಾ ಮಾವ! ಪೂರ್ತಿ ತಲೆ ಬೋಳಿಸಿದ್ರೂ ನಿಂಗೇನೂ ಆಗ್ಲಿಲ್ಲ. ಅಜ್ಜಂದಿರ ಮಾತು ಸುಳ್ಳು ಅಂತ ನಾನು ಸಾಬೀತು ಮಾಡಿದೆ!"

ಮಾವ ಒಂದು ಬೀಜ ಕಚ್ಚಿ, ಸಿಪ್ಪೆ ಉಗಿದು, ಕುರುಚಲು ಮೊಳೆಯುತ್ತಿದ್ದ ನನ್ನ ಬುರುಡೆಯನ್ನು ಪ್ರೀತಿಯಿಂದ ತಟ್ಟಿದ.

"ಅಜ್ಜಂದಿರ ಮಾತು ಸುಳ್ಳಲ್ಲ ಕಣೋ. ಅವರು ಹೇಳಿದ್ದು 'ತಲೆ' ಬೋಳಿಸಿದ್ರೆ ಅಂತ. ನಿಂದನ್ನ ಅವರು ಲೆಕ್ಕಕ್ಕೇ ತಗೊಂಡಿಲ್ಲ!"